ಪರದೆ ಹೊತ್ತು

ಡಬ್ಬಿಯ ಮಗ್ಗುಲಿನ ಕಲ್ಲಿನ ಮೇಲೆ ನಾನು ಬಕೆಟ್ಟನ್ನು ಕವುಚಿ ಇಟ್ಟೆನೆಂದರೆ ಹೊಲದಲ್ಲಿದ್ದವರೆಲ್ಲ ಇದ್ದಲ್ಲಿಯೇ ಮಲಗಿಬಿಡಬೇಕು. ಇಟ್ಟ ಮೇಲೆ ಇಪ್ಪತ್ತರವರೆಗೆ ಎಣಿಸುತ್ತೇನೆ. ಆಮೇಲೆ ಒಳಗೆ ಹೋಗಿ ಗಾಜಿನ ಪರದೆಯ ಹಗ್ಗ ಜಗ್ಗುತ್ತೇನೆ. ಮೂರು ವರ್ಷದಿಂದ ಇದೇ ನನ್ನ ಕೆಲಸ. ಶಾವಂತ್ರಿ ತೆಗೆದ ಪರದೆಗೆ ಒಂದು ಜೀವವೂ ಹೋಗಿಲ್ಲ ಎಂದು ಊರಲ್ಲಿ ಹೇಳುತ್ತಿದ್ದರು. ನಾನೂ ಹೇಳಿಕೊಳ್ಳುತ್ತಿದ್ದೆ. ಈಗ ಹೇಳುವುದಿಲ್ಲ.

ಡಬ್ಬಿ ಎಂದು ಕರೆಯುವುದು ನಾವು. ಕಂಪನಿಯವರು ಪುಟ್ಟಮನೆ ಎನ್ನುತ್ತಾರೆ. ಗಾಲಿಯ ಮೇಲೆ ನಿಂತ ಕಟ್ಟಿಗೆಯ ಕೋಣೆ, ಒಳಗೆ ಒಂದು ಮಂಚ, ಒಂದು ಒಲೆ, ಒಂದು ಬಚ್ಚಲು, ಮತ್ತು ಇಡೀ ಒಂದು ಗೋಡೆಯಷ್ಟು ಗಾಜು. ಊರಿನ ಮೂಡಣ ದಿಬ್ಬದ ಮೇಲೆ ಹನ್ನೆರಡು ಡಬ್ಬಿ ಸಾಲಾಗಿ ನಿಂತಿವೆ. ಹನ್ನೆರಡರ ಗಾಜೂ ನಮ್ಮ ಹೊಲಗಳ ಕಡೆಗೆ, ಹೊಲಗಳಾಚೆಯ ಊರಿನ ಕಡೆಗೆ. ಪಟ್ಟಣದ ಗದ್ದಲದಲ್ಲಿ ದಣಿದವರು ಎರಡು ದಿನ, ಮೂರು ದಿನ ಇಲ್ಲಿಗೆ ಬಂದು ಇರುತ್ತಾರೆ. ‘ಏನೂ ಇಲ್ಲದ ಕಡೆಗೆ ಬನ್ನಿ’ ಎಂದು ಕಂಪನಿ ಅವರಿಗೆ ಕಾಗದ ಅಚ್ಚು ಮಾಡಿಸಿ ಹಂಚಿದೆಯಂತೆ. ಅದು ಅಚ್ಚಾದ ದಿನ ಇಲ್ಲಿ ನಾವು ಎರಡು ಸಾವಿರ ಮಂದಿ ಇದ್ದೆವು. ಬಂದವರ ಮೇಲೆ ನನಗೆ ಸಿಟ್ಟಿರಲಿಲ್ಲ. ಒಳ್ಳೆಯವರು, ಮೆಲ್ಲಗೆ ಮಾತಾಡುವವರು, ಹೋಗುವಾಗ ಉಳಿದ ಬಿಸ್ಕೀಟು ಕೊಟ್ಟು ಹೋಗುವವರು. ಅವರ ದಣಿವು ಕಳೆಯಬೇಕಾದರೆ ನಾವು ಕಾಣಬಾರದಿತ್ತು, ಅಷ್ಟೇ.

ಗಾಜಿನ ಒಳಗೆ ಕೂತವರು ಹೊರಗಿನ ಯಾವುದನ್ನು ನೋಡಿ ‘ಅದೊಂದು ಇಲ್ಲದಿದ್ದರೆ ಚೆನ್ನಾಗಿತ್ತು’ ಎಂದರೋ ಅದು ಇಲ್ಲವಾಗುತ್ತದೆ. ಮಾತು ಮುಗಿಯುವಷ್ಟರಲ್ಲಿ ಇಲ್ಲ. ಮೊದಲು ಹೋದದ್ದು ಪಂಚಾಯತಿಯ ನೀಲಿ ನೀರಿನ ಟಾಕಿ. ಆಮೇಲೆ ಹಿಟ್ಟಿನ ಗಿರಣಿ ಹೋಯಿತು, ಗಿರಣಿಯ ಮುಂದೆ ಸರದಿಗೆ ಇಟ್ಟಿದ್ದ ಜೋಳದ ಬುಟ್ಟಿಗಳು ಮಾತ್ರ ಉಳಿದವು. ಊರಿನ ಪಾಯಖಾನೆ ಸಾಲು ಒಂದೇ ಮುಂಜಾನೆ ಹೋಯಿತು. ಊರಿನ ಹೆಸರು ಬರೆದ ಹಳದಿ ಹಲಗೆ ಹೋದ ಮೇಲೆ ಬಸ್ಸಿನವರು ನಿಲ್ಲಿಸುವುದನ್ನು ಬಿಟ್ಟರು. ಹೆಸರು ಯಾರಾದರೂ ಕೇಳಿದರೆ ಹೇಳಲು ನಮಗೂ ಒಂಥರಾ ಅಂಜಿಕೆ. ಅದಕ್ಕೇ ಇಲ್ಲಿಯೂ ಹೇಳುತ್ತಿಲ್ಲ. ಮನುಷ್ಯರಲ್ಲಿ ಮೊದಲು ಹೋದವನು ಕಲ್ಲಪ್ಪ. ಪಾಯಖಾನೆ ಹೋಗಿತ್ತಲ್ಲ, ಹಳ್ಳದ ದಂಡೆಗೆ ಕೂತಿದ್ದ. ಮೂರನೆಯ ಡಬ್ಬಿಯಲ್ಲಿ ಯಾರೋ ‘ಛೀ’ ಎಂದರು. ನೀರಿನ ಚೊಂಬು ಉಳಿಯಿತು. ಅವನ ಮಗ ಪೋಲೀಸ್ ಠಾಣೆಗೆ ಹೋದರೆ ಅಲ್ಲಿಯವರು ಯಾರ ಮೇಲೆ ಸಂಶಯ ಎಂದು ಕೇಳಿದರು. ಯಾರ ಮೇಲೆ ಹೇಳುವುದು? ‘ಛೀ’ ಎನ್ನುವುದು ಯಾವ ಕಾನೂನಿನಲ್ಲಿ ತಪ್ಪು?

ಅಲ್ಲಿಂದ ಊರು ಹೊಂದಿಕೊಂಡಿತು. ಮನುಷ್ಯ ಎಷ್ಟಕ್ಕೆಲ್ಲ ಹೊಂದಿಕೊಳ್ಳುತ್ತಾನೆ ಎಂದು ನೆನೆದರೆ ನನಗೆ ಹಾವಿಗಿಂತ ಅದರದೇ ಭಯ. ಸಿಮೆಂಟಿನ ಗೋಡೆಗಳಿಗೆ ಕೆಮ್ಮಣ್ಣು ಮೆತ್ತಿದೆವು, ಯಾಕೆಂದರೆ ಮಣ್ಣಿನ ಮನೆ ಕಂಡರೆ ಗಾಜಿನವರು ‘ಎಷ್ಟು ಚಂದ’ ಎನ್ನುತ್ತಿದ್ದರು, ಚಂದ ಅನ್ನಿಸಿಕೊಂಡದ್ದು ಉಳಿಯುತ್ತಿತ್ತು. ಕುರಿ ಕಾಯುವ ದ್ಯಾಮಣ್ಣ ಕಂಬಳಿ ಹೊದ್ದು ಕೋಲಿಗೆ ಒರಗಿ ನಿಂತದ್ದನ್ನು ಒಬ್ಬರು ಮೆಚ್ಚಿ ಫೋಟೋ ತೆಗೆದರು. ಪಾಪ, ಅಂದಿನಿಂದ ಅವನು ಬಿಸಿಲಿರಲಿ ಸೆಕೆಯಿರಲಿ ಅದೇ ಕಂಬಳಿ ಹೊದ್ದು ಅದೇ ಕಾಲ ಮೇಲೆ ನಿಲ್ಲುತ್ತಾನೆ. ಮಗಳು ಹೊಸ ಅಂಗಿ ಹೊಲಿಸಿ ತಂದರೆ ಅದನ್ನು ಟ್ರಂಕಿನಲ್ಲಿ ಬೀಗ ಹಾಕಿ ಇಟ್ಟ.

ಚಂದ ಕಾಣಲು ಬಾರದ ನಮ್ಮಂಥವರಿಗೆ ಉಳಿದದ್ದು ಮಲಗುವುದು. ಮುಂಜಾನೆ ಏಳರಿಂದ ಹತ್ತು, ಸಂಜೆ ನಾಲ್ಕರಿಂದ ದೀಪ ಹಚ್ಚುವತನಕ ಪರದೆ ಹೊತ್ತು, ಅಂದರೆ ಗಾಜಿನ ಪರದೆ ತೆರೆದಿರುವ ಹೊತ್ತು. ಶೇಂಗಾ ಹೊಲದಲ್ಲಿ ಕಳೆ ತೆಗೆಯುವವರು ಐದಕ್ಕೇ ಹೋಗಿ ಏಳರತನಕ ಕೆಲಸ ಮಾಡುತ್ತಾರೆ. ಬಕೆಟ್ಟು ಕವುಚಿತೆಂದರೆ ಗಿಡಗಳ ನಡುವೆ ಬೋರಲು ಮಲಗುತ್ತಾರೆ. ಮುಖ ಮಣ್ಣಿಗೆ, ಯಾಕೆಂದರೆ ಮುಖ ದೂರಕ್ಕೆ ಹೊಳೆಯುತ್ತದೆ. ಮಾತಿಲ್ಲ, ಕೂಗಿಲ್ಲ, ಪುಟ್ಟಮನೆಯವರು ಬಂದಿರುವುದೇ ಸದ್ದು ಬೇಡವೆಂದು. ಮಲಗಿದವರನ್ನು ಯಾರೂ ಮಾತಾಡಿಸುವುದಿಲ್ಲ, ಮುಟ್ಟುವುದಿಲ್ಲ, ಹೆಸರು ಹಿಡಿದು ಕರೆಯುವುದಂತೂ ಇಲ್ಲವೇ ಇಲ್ಲ. ಪರದೆ ಹೊತ್ತಿನಲ್ಲಿ ಮಲಗಿದವನು ಇಲ್ಲದವನ ಲೆಕ್ಕ. ಇದು ನಾವೇ ಕಟ್ಟಿಕೊಂಡ ಕಟ್ಟಳೆ.

ನನ್ನ ತಂಗಿ ಹುಲಿಗೆವ್ವನಿಗೆ ಈ ಮಲಗುವುದು ಬರುತ್ತಿರಲಿಲ್ಲ. ಗಂಡ ತೀರಿದ ಮೇಲೆ ನನ್ನ ಮನೆಯಲ್ಲೇ ಇದ್ದಳು. ಇರುವೆ ಹರಿದರೆ ಎಗರುವಳು, ಪಕ್ಕದವರು ಗೊರಕೆ ಹೊಡೆದರೆ ಕಿಸಕ್ಕನೆ ನಗುವಳು. ಎರಡು ಸಲ ಅವಳ ಸಲುವಾಗಿ ನನ್ನ ಎದೆ ಒಡೆದಿತ್ತು. ಆ ದಿನ ಮನೆಯಿಂದ ಹೊರಡುವಾಗ ನಾನು ಅವಳ ರಟ್ಟೆ ಹಿಡಿದು ಬೈದೆ.

‘ಇವತ್ತರೆ ಅಲುಗಾಡಬ್ಯಾಡ. ಏಳನೇ ಡಬ್ಬಿಗೆ ಹೊಸಬರು ಬಂದಾರ. ಅವರ ಕಣ್ಣು ಹೆಂಗದಾವೋ ಏನೋ.’

‘ಆತು ತಗೋ ಅಕ್ಕಾ. ಹೆಣದಂಗ ಬಿದ್ದಿರತೀನಿ. ನೀನ ಬಂದು ಮೂಗಿನಾಗ ಹತ್ತಿ ಇಡು,’ ಎಂದಳು.

‘ಬಾಯಿ ತೊಳಕೊಂಡು ಮಾತಾಡ.’

‘ನೀರಿನ ಟಾಕಿ ಎಲ್ಲೈತಿ ಬಾಯಿ ತೊಳಕೊಳ್ಳಾಕ?’ ಎಂದು ನಗುತ್ತ ಹೋದಳು.

ಏಳನೆಯ ಡಬ್ಬಿ ನನ್ನದು. ಸಾಲಿನ ನಡುವೆ ಇರುವುದರಿಂದ ನನ್ನ ಬಕೆಟ್ಟು ನೋಡಿಯೇ ಉಳಿದ ಡಬ್ಬಿಗಳ ಕೆಲಸದ ಹೆಂಗಸರು ತಮ್ಮ ತಮ್ಮ ಪರದೆ ಜಗ್ಗುತ್ತಾರೆ. ಆವತ್ತಿನ ಹೊಸಬರು ಗಂಡ ಹೆಂಡತಿ, ಇಬ್ಬರಿಗೂ ಮೂವತ್ತೈದರ ಆಸುಪಾಸು. ಏಳಕ್ಕೆ ಪರದೆ ತೆಗೆದೆ. ಆಕೆ ಗಾಜಿನ ಮುಂದೆ ನಿಂತು ಉಸಿರೆಳೆದುಕೊಂಡಳು. ‘ರೀ, ನೋಡ್ರೀ ಇಲ್ಲಿ. ಒಂದು ನರಪಿಳ್ಳೆ ಇಲ್ಲ. ಎಷ್ಟು ವರ್ಷ ಆಯ್ತು ಹೀಗೆ ನೋಡಿ!’ ಅವಳ ಕಣ್ಣಲ್ಲಿ ನಿಜವಾಗಿ ನೀರು ಬಂದಿತ್ತು. ಆ ಹಸುರಿನಲ್ಲಿ ಹದಿನೇಳು ಮಂದಿ ಬೋರಲು ಬಿದ್ದಿದ್ದರು.

ಗಂಡ ಸಂಭಾವಿತ. ‘ಅಮ್ಮಾ, ನಿಮ್ದು ಯಾವ ಊರು?’ ಎಂದು ಕೇಳಿದ.

‘ಇದ ಊರ್ರೀ.’

‘ಓ, ಇಲ್ಲಿ ಊರಿದೆಯಾ?’ ಎಂದು ಅವನಿಗೆ ಬೆರಗಾಯಿತು. ನಾನು ಹಾಲು ಕಾಯಲಿಟ್ಟೆ.

ಎಂಟೂಕಾಲಿನ ಹೊತ್ತಿಗೆ ಹಿಂಬಾಗಿಲಲ್ಲಿ ಗದಿಗೆಪ್ಪನ ಕೆಮ್ಮು ಕೇಳಿತು. ಅವನೂ ಹೊಲದಲ್ಲಿ ಮಲಗುವವನೇ. ಆದರೆ ಅವನಿಗೆ ಚಹಾದ ಚಟ. ಕಳ್ಳಿಬೇಲಿಯ ಮರೆಯಲ್ಲಿ ಹೊಟ್ಟೆಯ ಮೇಲೆ ಹರಿದುಕೊಂಡು ಬಂದು, ಅರ್ಧ ಲೋಟ ಕುಡಿದು, ಹರಿದುಕೊಂಡೇ ಹೋಗುತ್ತಿದ್ದ. ಎದೆ ಹೊಟ್ಟೆಯೆಲ್ಲ ಮಣ್ಣು.

‘ಶಾವಕ್ಕ, ಇನ್ನೆರಡು ವರ್ಷ ಹಿಂಗ ಹರದ್ರ ನನಗ ಕಾಲು ಉದುರಿ ಬಾಲ ಬರತೈತಿ ನೋಡು,’ ಎಂದು ಪಿಸುಗುಟ್ಟಿದ.

‘ಬಾಯಿ ಮುಚ್ಚಿ ಕುಡಿ.’

‘ಬಾಯಿ ಮುಚ್ಚಿದ್ರ ಹ್ಯಾಂಗ ಕುಡಿಲಿ?’ ಲೋಟ ಊದುತ್ತ ಅವನೆಂದ: ‘ಅಲ್ಲಾ, ನಿನ್ನ ತಂಗಿ ಕಲತಳು ನೋಡವಾ. ಇವತ್ತು ಅಗದೀ ಚೊಲೋ ಮಲಗ್ಯಾಳ. ನಾ ಆಕಿ ಮಗ್ಗುಲದಾಗ ಹರದು ಬಂದೆ, ಒಂದು ಕೂದಲು ಅಲುಗಲಿಲ್ಲ. ಅಂಗಾತ ಬಿದ್ದು ಆಕಾಶ ನೋಡಾಕತ್ತಾಳ. ರಾಣಿ ಹಂಗ.’

ನನಗೆ ಹೆಮ್ಮೆಯಾಯಿತು. ಹೌದು, ಸುಳ್ಳು ಯಾಕೆ ಹೇಳಲಿ, ಮೊದಲು ಹೆಮ್ಮೆಯೇ ಆಯಿತು. ನನ್ನ ಬೈಗುಳ ನಾಟಿತು ಅಂದುಕೊಂಡೆ. ಗದಿಗೆಪ್ಪ ಲೋಟ ಇಟ್ಟು ಬೇಲಿಯ ಕಡೆ ಹರಿದ. ನಾನು ಎರಡು ಕಪ್ಪಿಗೆ ಚಹಾ ಸೋಸಿ ತಟ್ಟೆಯಲ್ಲಿಟ್ಟುಕೊಂಡೆ. ಮಂಚದ ಹತ್ತಿರ ಬರುವಷ್ಟರಲ್ಲಿ ಆ ಮಾತು ಮತ್ತೆ ಕಿವಿಯಲ್ಲಿ ತಿರುಗಿತು. ಅಂಗಾತ. ಅಂಗಾತ ಯಾಕೆ ಮಲಗಿದಳು? ಮುಖ ಮೇಲೆ ಮಾಡಿ ಈ ಹೊಲದಲ್ಲಿ ಯಾರು ಮಲಗುತ್ತಾರೆ?

ಕೆಲಸದವರು ಗಾಜಿನಿಂದ ಹೊರಗೆ ನೋಡಬಾರದು ಎಂದು ಕಂಪನಿಯ ನಿಯಮ. ನಾನು ನೋಡಿದೆ. ಎಡಗಡೆ, ಬದುವಿನಿಂದ ನಾಲ್ಕನೆಯ ಸಾಲಿನಲ್ಲಿ, ಗಿಡಗಳ ನಡುವೆ ಸಣ್ಣದೊಂದು ಹೊಳಪು. ಹಿತ್ತಾಳೆಯ ಬಳೆ. ಕೈ ಗಿಡದ ಮೇಲೆ ಬಿದ್ದುಕೊಂಡಿತ್ತು, ಬೆರಳುಗಳು ಬಿಚ್ಚಿಕೊಂಡಿದ್ದವು. ಮುಖದ ಮೇಲೆ ಬಿಸಿಲು ನೇರ ಬೀಳುತ್ತಿತ್ತು, ಆದರೂ ಕೈ ಅಡ್ಡ ಹಿಡಿದಿರಲಿಲ್ಲ.

ಅದೇ ಹೊತ್ತಿಗೆ ಆಕೆಯೂ ಗಾಜಿಗೆ ಹಣೆ ಹಚ್ಚಿದಳು.

‘ರೀ, ಅಲ್ಲೇನೋ ಮಿಂಚ್ತಾ ಇದೆ ನೋಡಿ. ಆ ಎಡಗಡೆ.’

‘ಎಲ್ಲಿ?’ ಗಂಡ ಎದ್ದು ಬಂದ. ‘ಹೌದಲ್ಲ. ಪ್ಲಾಸ್ಟಿಕ್ ಇರಬೇಕು. ಎಲ್ಲಿ ಹೋದರೂ ಈ ಕಸ ತಪ್ಪಲ್ಲ. ಅದೊಂದು...’

ತಟ್ಟೆಯನ್ನು ನಾನು ಅವನ ಮೇಲೆ ಚೆಲ್ಲಿದೆ. ಕೈ ತಪ್ಪಿ ಚೆಲ್ಲಿದ್ದಲ್ಲ. ಎರಡೂ ಕಪ್ಪಿನ ಕುದಿಯುವ ಚಹಾ ಅವನ ತೊಡೆಯ ಮೇಲೆ ಬಿತ್ತು. ಅವನು ಚೀರಿದ. ಹೆಂಡತಿ ಗಾಜು ಬಿಟ್ಟು ಅವನ ಕಡೆ ಓಡಿದಳು. ಹಗ್ಗ ಜಗ್ಗಿ ಪರದೆ ಎಳೆದೆ. ಒಂದು ಗಾಜು ಮುಚ್ಚಿತು. ಹನ್ನೊಂದು ತೆರೆದೇ ಇದ್ದವು.

ಒಗೆಯಲು ಇಟ್ಟಿದ್ದ ಬಿಳಿ ಹಾಸನ್ನು ಎತ್ತಿಕೊಂಡು ಹೊರಗೆ ಓಡಿದೆ. ಮ್ಯಾನೇಜರ್ ಎದುರಾದರು. ‘ಸಾಹೇಬ್ರ, ಜೀಪು ಕೊಡ್ರಿ, ನನ್ನ ತಂಗಿಗೆ ಏನೋ ಆಗೇತಿ’ ಎಂದೆ. ಜೀಪು ಪಟ್ಟಣದಿಂದ ಜನರನ್ನು ಕರೆತರಲು ಹೋಗಿದೆ, ಹತ್ತು ಗಂಟೆಯತನಕ ತಡೆ, ಪರದೆ ಮುಚ್ಚಿದ ಮೇಲೆ ನೋಡೋಣ ಎಂದರು. ಹತ್ತಕ್ಕೆ ಒಂದೂವರೆ ತಾಸು ಇತ್ತು. ಅವರು ಕೆಟ್ಟ ಮನುಷ್ಯರಲ್ಲ. ಅವರ ಮನೆಯೂ ಊರಲ್ಲೇ ಇತ್ತು, ಅದರ ಮೇಲಿನ ಮಹಡಿ ಹೋಗಿ ಎಂಟು ತಿಂಗಳಾಗಿತ್ತು.

ನಾನು ಇಳಿದೆ. ಬಾಗಲಿಲ್ಲ, ಹರಿಯಲಿಲ್ಲ. ಮೂರು ವರ್ಷದಲ್ಲಿ ಮೊದಲ ಸಲ ಪರದೆ ಹೊತ್ತಿನಲ್ಲಿ ಆ ಹೊಲದಲ್ಲಿ ನಿಂತು ನಡೆದೆ. ಅದು ಧೈರ್ಯವಲ್ಲ, ಹರಿದುಕೊಂಡು ಹೋದರೆ ತಡವಾಗುತ್ತಿತ್ತು. ಬೆನ್ನಿನ ಮೇಲೆ ಆ ಹನ್ನೊಂದು ಗಾಜು ಇರುವುದು ಗೊತ್ತಾಗುತ್ತಿತ್ತು, ಒದ್ದೆ ಬಟ್ಟೆ ಅಂಟಿದ ಹಾಗೆ. ಹೆಜ್ಜೆ ಇಟ್ಟಾಗೊಮ್ಮೆ ನನ್ನ ಕಾಲು ನನಗೆ ಕಾಣುತ್ತಿದೆಯೇ ಎಂದು ನೋಡಿಕೊಂಡೆ.

ಹುಲಿಗೆವ್ವನ ರೆಪ್ಪೆ ಅರ್ಧ ಇಳಿದಿತ್ತು. ಬಾಯಿಯ ತುದಿಯಿಂದ ಜೊಲ್ಲು ಹರಿದು ಕಿವಿಗೆ ಬಂದಿತ್ತು. ಎಡಗೈ ಮಣಿಕಟ್ಟಿನ ಮೇಲೆ ಎರಡು ತೂತು, ಸುತ್ತ ಬಾವು. ಹಾವು. ಮಣ್ಣಿಗೆ ಮುಖ ಹಚ್ಚಿ ಮಲಗುವ ಮಂದಿಯ ನಡುವೆ ಹಾವು ಓಡಾಡದೆ ಇರುತ್ತದೆಯೇ? ಉಸಿರು ಇತ್ತು, ಎಳೆಯಷ್ಟು. ಕರೆದರೆ ಕಣ್ಣಗುಡ್ಡೆ ನನ್ನ ಕಡೆ ಹೊರಳಿತು, ನಾಲಿಗೆ ಹೊರಳಲಿಲ್ಲ.

ಹೊಲದ ಆಚೆ ತುದಿಗೆ ಡಾಂಬರು ರಸ್ತೆ. ಅಲ್ಲಿ ಪಟ್ಟಣಕ್ಕೆ ಹೋಗುವ ಟಂಟಂ ಗಾಡಿ ಸಿಗುತ್ತದೆ. ಒಂದು ಮೈಲಿ ಬಟ್ಟಾಬಯಲು. ಅವಳನ್ನು ಎತ್ತಲು ನೋಡಿದೆ, ಆಗಲಿಲ್ಲ. ಸುತ್ತ ನೋಡಿದೆ. ಎರಡು ಸಾಲು ಆಚೆಗೊಂದು ಬೆನ್ನು, ಬದುವಿನ ಹತ್ತಿರ ಎರಡು ಅಂಗಾಲು, ತೊಗರಿ ಸಾಲಿನ ಬುಡದಲ್ಲಿ ಒಂದು ಮುಂಡಾಸು. ಎಲ್ಲರಿಗೂ ನಾನು ನಿಂತದ್ದು ಗೊತ್ತಿತ್ತು. ಯಾರೂ ಅಲುಗಲಿಲ್ಲ. ಅವರನ್ನು ಬೈಯುವುದಿಲ್ಲ ನಾನು. ಹಿಂದಿನ ದಿನ ಬೇರೆ ಯಾರೋ ನಿಂತು ಬೇಡಿದ್ದರೆ ನಾನೂ ಅಲುಗುತ್ತಿರಲಿಲ್ಲ.

ಆಗ ಮಾಡಬಾರದ್ದನ್ನು ಮಾಡಿದೆ. ಹೆಸರು ಹಿಡಿದು ಕೂಗಿದೆ.

‘ಗದಿಗೆಪ್ಪಾ! ಏಳೋ! ಆಕಿ ಮಲಗಿಲ್ಲೋ, ಹಾವು ಕಡದೈತೋ!’

ನನ್ನ ದನಿ ನನಗೇ ಗುರುತು ಹತ್ತಲಿಲ್ಲ. ಅಷ್ಟು ದಿನ ಆ ಹೊಲದಲ್ಲಿ ಅಷ್ಟು ಎತ್ತರದ ಸದ್ದು ಎದ್ದೇ ಇರಲಿಲ್ಲ. ದಿಬ್ಬದ ಮೇಲೆ ಹನ್ನೊಂದು ಗಾಜುಗಳ ಹಿಂದೆ ತಲೆಗಳು ಬಂದು ನಿಂತದ್ದು ಕಂಡಿತು. ಕೂಗಿದ ಹೆಸರು ಅವರಿಗೂ ಕೇಳಿರಬೇಕು. ಇಷ್ಟು ಹೊತ್ತು ಇಲ್ಲದವನಾಗಿದ್ದವನನ್ನು ನಾನು ಇದ್ದವನನ್ನಾಗಿ ಮಾಡಿದ್ದೆ.

ಬೇಲಿಯ ಬುಡದಿಂದ ಗದಿಗೆಪ್ಪ ಎದ್ದ. ನೆಟ್ಟಗೆ ಎದ್ದ. ಅವನ ಮುಖ ಬೂದಿಯಾಗಿತ್ತು. ‘ನಾ ಆಕಿ ಮಗ್ಗುಲದಾಗ ಹರದು ಹೋದೆನಲ್ಲೋ ಯಪ್ಪಾ,’ ಎನ್ನುತ್ತ ಗಿಡ ತುಳಿದುಕೊಂಡು ಓಡಿಬಂದ. ಅವನು ಎದ್ದದ್ದನ್ನು ಕಂಡು ಇನ್ನೊಬ್ಬ ಎದ್ದ, ಆಮೇಲೆ ಇಬ್ಬರು ಹೆಂಗಸರು, ಆಮೇಲೆ ಮುಂಡಾಸಿನವನು. ಹಾಸು ಬಿಡಿಸಿ ಹುಲಿಗೆವ್ವನನ್ನು ಅದರ ಮೇಲೆ ಉರುಳಿಸಿದೆವು. ಎಡಕ್ಕೆ ಮೂವರು, ಬಲಕ್ಕೆ ಮೂವರು. ನಾನು ತಲೆಯ ಕಡೆ, ಗದಿಗೆಪ್ಪ ನನ್ನ ಎದುರಿಗೆ. ಅವಳ ಮುಖ ನಮ್ಮಿಬ್ಬರ ನಡುವೆ ತೂಗುತ್ತಿತ್ತು.

‘ಹಿಂದ ನೋಡಬ್ಯಾಡ್ರಿ,’ ಎಂದ ಗದಿಗೆಪ್ಪ. ‘ಓಡ್ರಿ.’

ಓಡಿದೆವು. ಹಸಿ ಶೇಂಗಾ ಕಾಲಿಗೆ ತೊಡರುತ್ತಿತ್ತು. ಬಿಳಿ ಹಾಸು, ಹಸಿರು ಹೊಲ, ಆರು ಮಂದಿ, ಕುರುಡನಿಗೂ ಕಾಣುವಂತಿದ್ದೆವು. ಯಾರಿಗೂ ಬಾಯಿ ಬರುತ್ತಿರಲಿಲ್ಲ, ಅವನೊಬ್ಬನಿಗೆ ಬಿಟ್ಟು. ಅವನು ಹೆದರಿದಾಗೆಲ್ಲ ಹೆಚ್ಚು ಮಾತಾಡುವವನು. ಅವಳ ಮುಖದ ಮೇಲೆ ಬಗ್ಗಿ ಓಡುತ್ತಲೇ ಹೇಳುತ್ತಿದ್ದ.

‘ಹುಲಿಗೆವ್ವಾ, ಕಣ್ಣು ಮುಚ್ಚಬ್ಯಾಡ. ಏ ತಂಗೀ. ನೋಡ, ಪಲ್ಲಕ್ಕಿ ಮ್ಯಾಲೆ ಹೊಂಟೀ ನೀ. ನಿನ್ನ ಮದಿವ್ಯಾಗ ಚಕ್ಕಡಿ ಮ್ಯಾಲೆ ಬಂದಿದ್ದಿ, ಅದೂ ಗಾಲಿ ಮುರದು ಹಾದ್ಯಾಗ ನಿಂತಿತ್ತು, ನೆನಪೈತಿಲ್ಲೋ? ನಿನ್ನ ಮಾವ ಎತ್ತು ಬಿಟ್ಟು ಬೀಗರನ್ನ ಬೈಯ್ಯಾಕ ಹೋದ. ನಾನ ಹೆಗಲು ಕೊಟ್ಟು ಆ ಚಕ್ಕಡೀನ...’

ಹಾಸಿನ ಆ ಮೂಲೆ ಧಪ್ಪನೆ ಕೆಳಗೆ ಬಿತ್ತು.

ಹುಲಿಗೆವ್ವನ ತಲೆ ಅತ್ತ ಜಾರಿತು. ಹಿಂದಿದ್ದ ಹೆಂಗಸು ಮುಂದೆ ಬಂದು ಬಿದ್ದ ಮೂಲೆಯನ್ನು ಹಿಡಿದಳು. ಯಾರೂ ನಿಲ್ಲಲಿಲ್ಲ. ಯಾರೂ ತಿರುಗಿ ನೋಡಲಿಲ್ಲ, ಹೆಸರು ಹೇಳಲಿಲ್ಲ, ಅಯ್ಯೋ ಎನ್ನಲಿಲ್ಲ. ಹಾಸು ಮೊದಲಿಗಿಂತ ಭಾರವಾಗಿತ್ತು. ನನ್ನ ಎದುರಿಗೆ ಈಗ ಆ ಹೆಂಗಸಿನ ಮುಖವಿತ್ತು. ಅವಳು ನನ್ನ ಕಣ್ಣನ್ನೇ ನೋಡುತ್ತ ಓಡುತ್ತಿದ್ದಳು. ನಾನೂ ಅವಳ ಕಣ್ಣನ್ನು ಬಿಡಲಿಲ್ಲ. ನೋಡುತ್ತಿದ್ದರೆ ಅವಳು ಉಳಿದಾಳು ಎಂದು ನನ್ನ ಹುಚ್ಚು, ನಾನು ಉಳಿದೇನು ಎಂದು ಅವಳದು.

ಡಾಂಬರು ರಸ್ತೆ ಮುಟ್ಟಿದಾಗ ಐವರಿದ್ದೆವು. ಟಂಟಂ ಬಂತು. ಡ್ರೈವರ್ ಅವಳ ಮುಖ ನೋಡಿ ಒಳಗಿದ್ದವರನ್ನೆಲ್ಲ ಇಳಿಸಿದ.

ಪಟ್ಟಣದ ಆಸ್ಪತ್ರೆಯಲ್ಲಿ ಎರಡು ದಿನ ಅವಳ ಗಂಟಲಲ್ಲಿ ಕೊಳವೆ ಇಟ್ಟಿದ್ದರು. ಅರ್ಧ ತಾಸು ತಡವಾಗಿದ್ದರೆ ಮುಗಿಯುತ್ತಿತ್ತು ಎಂದರು ಡಾಕ್ಟರು. ಮೂರನೆಯ ದಿನ ಕೊಳವೆ ತೆಗೆದರು. ನಾಲ್ಕನೆಯ ದಿನ ಗಂಜಿ ಕುಡಿದಳು. ಎರಡು ಬೆರಳು ಕಪ್ಪಾಗಿದ್ದವು. ಹಾವು ಕಡಿದದ್ದು ಯಾವಾಗ ಗೊತ್ತಾಯಿತು ಎಂದು ಕೇಳಿದೆ.

‘ಕಡದ ಕೂಡ್ಲೇ ಗೊತ್ತಾತು ಅಕ್ಕಾ. ಆಗಿನ್ನೂ ಏಳೂವರಿ.’

‘ಮತ್ತ ಯಾಕ ಚೀರಲಿಲ್ಲ?’

ಅವಳು ಗೋಡೆಯ ಕಡೆ ಮುಖ ತಿರುಗಿಸಿದಳು. ‘ನೀ ಬೈದಿದ್ದಿಯಲ್ಲ, ಅಲುಗಾಡಬ್ಯಾಡ ಅಂತ. ತಡಕೊಂಡೆ. ಹತ್ತರತನಕ ತಡದ್ರಾತು ಅನಕೊಂಡೆ. ಆಮ್ಯಾಲ ಉಸಿರು ಹಿಡಿದಂಗಾತು, ಹೊರಳಿ ಅಂಗಾತಾದೆ. ಕೂಗಬೇಕಂದ್ರ ನಾಲಿಗಿ ಏಳಲಿಲ್ಲ. ಗದಿಗೆಪ್ಪಣ್ಣ ಮಗ್ಗುಲದಾಗ ಹಾದು ಹೋದ. ನೋಡಿ ನಕ್ಕ.’ ಮತ್ತೆ ನನ್ನ ಕಡೆ ಹೊರಳಿ ಕೇಳಿದಳು: ‘ಅಂವಾ ಯಾಕ ನೋಡಾಕ ಬರಲಿಲ್ಲ?’

ನಾನು ಗಂಜಿಯ ಬಟ್ಟಲು ತೊಳೆಯಲು ಎದ್ದು ಹೋದೆ.

ಐದನೆಯ ದಿನ ಊರಿಗೆ ಮರಳಿದೆ. ಬಸ್ಸು ನಿಲ್ಲುವುದಿಲ್ಲವಾದ್ದರಿಂದ ಟಂಟಂ ಹತ್ತಿ ಬಂದು ರಸ್ತೆಯಲ್ಲೇ ಇಳಿದು, ಪರದೆ ಮುಚ್ಚಿದ ನಡುಹಗಲಿನಲ್ಲಿ ಹೊಲ ದಾಟಿದೆ. ನಾವು ತುಳಿದ ಗಿಡಗಳು ಹಾಗೇ ಬಾಗಿದ್ದವು, ಒಂದು ದಾರಿಯಂತೆ. ಮನೆಗೆ ಹೋಗದೆ ಮೊದಲು ಗದಿಗೆಪ್ಪನ ಮನೆಗೆ ಹೋದೆ. ಅವನ ಹೆಂಡತಿ ಸಂಕವ್ವ ಬಾಗಿಲ ಮುಂದೆ ಕೂತು ಅಕ್ಕಡಿ ಕಾಳು ಹಸನು ಮಾಡುತ್ತಿದ್ದಳು. ಮಾತು ಕಡಿಮೆಯ ಹೆಂಗಸು. ಅವನು ಆಡುವ ಮಾತಿನಲ್ಲಿ ಅವಳ ಪಾಲೂ ತೀರಿಹೋಗುತ್ತಿತ್ತು. ಅವಳು ಮೊರದಿಂದ ಕಣ್ಣೆತ್ತಲಿಲ್ಲ. ನಾನು ಅಂಗಳದಲ್ಲಿ ನಿಂತೆ. ಕೂದಲು ಹಿಡಿದು ಹೊಡೆಯಲಿ, ಮಣ್ಣು ತೂರಲಿ, ಎಲ್ಲಕ್ಕೂ ತಯಾರಾಗಿ ಬಂದಿದ್ದೆ.

‘ಹುಲಿಗೆವ್ವ?’

‘ಉಳದಾಳ.’

‘ಹೂಂ.’ ಮೊರ ಒಮ್ಮೆ ಕೇರಿದಳು. ‘ನೀ ಅವನ ಹೆಸರು ಹಿಡದು ಕೂಗಿದ್ದಿಯಂತ.’

‘ಹೌದು ಸಂಕವ್ವಾ. ಕೂಗಿದೆ.’

‘ಯಾರ ಹೆಸರೂ ಕೂಗಬಹುದಿತ್ತಲ್ಲ. ಹದಿನೇಳ ಮಂದಿ ಇದ್ರು.’

‘ಹೌದು.’

‘ಅವನ್ನ ಯಾಕ ಕೂಗಿದಿ?’

ಸುಳ್ಳು ಹೇಳಲು ಆಗಲಿಲ್ಲ. ‘ಅಂವಾ ಏಳತಾನಂತ ಗೊತ್ತಿತ್ತು.’

ಮೊರ ನಿಂತಿತು. ಅವಳು ನನ್ನನ್ನು ಬಹಳ ಹೊತ್ತು ನೋಡಿದಳು. ಆ ನೋಟದ ಮುಂದೆ ನಿಲ್ಲುವುದಕ್ಕಿಂತ ಹನ್ನೆರಡು ಗಾಜಿನ ಮುಂದೆ ನಿಲ್ಲುವುದು ಹಗುರವಾಗಿತ್ತು.

‘ನಾಳೆ ಕೆಲಸಕ್ಕ ಹೋಗತೀ?’ ಎಂದು ಕೇಳಿದಳು ಕಡೆಗೆ.

‘ಕರಿಯಾಕತ್ತಾರ, ಆಸ್ಪತ್ರಿಗೇ ಹೇಳಿ ಕಳಸಿದ್ರು. ಚಹಾ ಚೆಲ್ಲಿದ್ದಕ್ಕ ಬೈದು, ಇನ್ನೊಮ್ಮೆ ಹಿಂಗಾದ್ರ ಬಿಡಿಸತೀವಿ ಅಂದಾರ.’

‘ನಾನೂ ಹೊಲಕ್ಕ ಹೊಂಟೀನಿ. ಅವನ ಸಾಲು ಹಂಗ ಉಳದಾವು. ನಿನ್ನ ಬಕೀಟ ನೀ ಕವಚು, ಬಿಡು, ನನಗದರ ಗೊಡವಿ ಇಲ್ಲ. ನಾ ಮಲಗೂದಿಲ್ಲ.’

‘ಸಂಕವ್ವಾ, ಹುಚ್ಚರ ಗತೆ...’

‘ಅಂವಾ ಎದ್ದು ಹ್ವಾದ. ನಾ ಮಲಗಿ ಸಾಯಲೇನು?’ ಎಂದು ಮೊರ ಎತ್ತಿಕೊಂಡು ಒಳಗೆ ಹೋದಳು.

ಮರುದಿನ ಮುಂಜಾನೆ ಏಳನೆಯ ಡಬ್ಬಿಯಲ್ಲಿ ಹೊಸ ಮಂದಿ ಇದ್ದರು, ಒಂದು ವಯಸ್ಸಾದ ಜೋಡಿ ಮತ್ತು ಅವರ ಮಗಳು. ಏಳು ಗಂಟೆಗೆ ಬಕೆಟ್ಟು ಹಿಡಿದು ಹೊರಗೆ ಬಂದೆ. ಕೆಳಗೆ ಹೊಲದಲ್ಲಿ ಎಲ್ಲರ ಮುಖ ನನ್ನ ಕಡೆ ತಿರುಗಿತು. ಸಂಕವ್ವ ಮಾತ್ರ ತಿರುಗಲಿಲ್ಲ. ಶೇಂಗಾ ಸಾಲಿನ ನಡುವೆ ಕೂತು ಕಳೆ ತೆಗೆಯುತ್ತಿದ್ದಳು. ತಲೆ, ಹೆಗಲು ಗಿಡದ ಮೇಲೆ ನಿಚ್ಚಳ ಕಾಣುತ್ತಿದ್ದವು. ಸೀರೆ ಹಸಿರೂ ಅಲ್ಲ, ಮಣ್ಣಿನದೂ ಅಲ್ಲ, ಹಳದಿ.

ಬಕೆಟ್ಟನ್ನು ಕವುಚಿದೆ. ಉಳಿದವರ ಅಂಜಿಕೆ ಉಳಿದವರದು, ಅದನ್ನು ಅವರ ಕೈಯಿಂದ ಕಸಿದುಕೊಳ್ಳಲು ನಾನು ಯಾರು? ಎಲ್ಲರೂ ಮಲಗಿದರು. ಹಳದಿ ಬಣ್ಣ ಒಂದೇ ಉಳಿಯಿತು. ಒಳಗಿನಿಂದ ಹುಡುಗಿಯ ದನಿ ಬಂತು: ‘ಆಂಟಿ, ಪರದೆ ತೆಗೀತೀರಾ? ಅಪ್ಪ ಕಾಯ್ತಿದಾರೆ.’

ಇಪ್ಪತ್ತರವರೆಗೆ ಎಣಿಸಿದೆ. ಕಾಲು ಒಳಗೆ ಹೋಗಲಿಲ್ಲ. ದಿಬ್ಬ ಇಳಿದು, ಬದು ದಾಟಿ, ಸಂಕವ್ವನ ಪಕ್ಕದ ಸಾಲಿನಲ್ಲಿ ಹೋಗಿ ಕೂತೆ. ಅವಳು ಆಶ್ಚರ್ಯಪಡಲಿಲ್ಲ, ಖುಷಿಯನ್ನೂ ಪಡಲಿಲ್ಲ. ಸೊಂಟದಿಂದ ಇನ್ನೊಂದು ಕುರ್ಪಿ ತೆಗೆದು ನನ್ನ ಕಡೆ ಎಸೆದಳು. ಅದು ಅವನದಾಗಿತ್ತು, ಹಿಡಿ ದಪ್ಪ.

‘ಬೇರು ಸಮೇತ ತಗಿ. ಮ್ಯಾಲಿಂದ ಮ್ಯಾಲೆ ಕೆತ್ತಬ್ಯಾಡ,’ ಎಂದಳು.

ನಮ್ಮ ಬೆನ್ನ ಹಿಂದೆ, ದಿಬ್ಬದ ಮೇಲೆ, ಪರದೆಯ ಉಂಗುರಗಳು ಸರ್ರನೆ ಜಾರಿದ ಸದ್ದು ಕೇಳಿತು. ನಾನು ತೆಗೆಯದಿದ್ದರೇನು, ತೆಗೆಯಲು ಅವರಿಗೂ ಕೈಯಿದೆ. ಆಮೇಲೆ ಅತ್ತ ಇತ್ತ ಉಳಿದವೂ ತೆರೆದವು. ನಾನು ಕತ್ತು ತಿರುಗಿಸಲು ಹೋದೆ.

‘ಹಿಂದ ನೋಡಬ್ಯಾಡ,’ ಎಂದಳು ಸಂಕವ್ವ. ‘ಮಾತಾಡು.’

‘ಏನ ಮಾತಾಡ್ಲಿ?’

‘ಏನರೆ ಆಡು. ಮಾತು ನಿಂತ್ರ ನಾ ನಿನ್ನ ಕಡೆ ನೋಡಬೇಕಾಕ್ಕೈತಿ. ನನಗ ನೋಡೂ ಧೈರ್ಯ ಇಲ್ಲ.’

ನಾನು ಮಾತಾಡಿದೆ. ಹುಲಿಗೆವ್ವ ಗಂಜಿ ಕುಡಿದದ್ದು, ನರ್ಸಿನ ಕೈಯಲ್ಲಿ ಬೈಸಿಕೊಂಡದ್ದು, ಉಪ್ಪಿಲ್ಲದ ಬೇಳೆಯನ್ನು ನೋಡಿ ಮು​ಖ ಸಿಂಡರಿಸಿದ್ದು, ಬಾಯಿಗೆ ಬಂದದ್ದನ್ನೆಲ್ಲ ಹೇಳಿದೆ. ಅವಳು ಹೂಂಗುಟ್ಟಲಿಲ್ಲ. ಅವಳ ಕುರ್ಪಿ ಮಣ್ಣಿಗೆ ತಾಗುವ ಸದ್ದು ಮಾತ್ರ ಬರುತ್ತಿತ್ತು. ಒಮ್ಮೆ, ಇನ್ನೊಮ್ಮೆ, ಮತ್ತೊಮ್ಮೆ. ಎರಡು ಸದ್ದಿನ ನಡುವಿನ ಪ್ರತಿಯೊಂದು ಬಿಡುವಿನಲ್ಲೂ ಅವಳು ಇದ್ದಾಳೋ ಇಲ್ಲವೋ ತಿಳಿಯುತ್ತಿರಲಿಲ್ಲ. ಆ ಬಿಡುವಿಗೆ ಹೆದರಿ ನಾನು ಇನ್ನಷ್ಟು ಜೋರಾಗಿ ಮಾತಾಡಿದೆ, ದಿಬ್ಬಕ್ಕೆ ಕೇಳುವಷ್ಟು ಜೋರಾಗಿ.